ಇಟಲಿಯ ಕಿರಿಸೊಸೆ, ಇಬ್ರಾದ ನೆಲ

ದೇವರ ಹತ್ತಿರ ನಾನು ತಾಳ್ಮೆ ಕೇಳಿದ್ದು ಜೀವನದಲ್ಲಿ ಒಂದೇ ಸಲ. ಮರುವರ್ಷವೇ ಅವನು ನನ್ನನ್ನು ಮಸ್ಕತ್ತಿನ ಟೈಲ್ಸ್ ಅಂಗಡಿಗೆ ಸೇರಿಸಿದ. ಬೇರೆಯವರ ಕಷ್ಟಗಳು ಹೇಗೆ ಬರುತ್ತವೋ ಗೊತ್ತಿಲ್ಲ. ನನ್ನವು ‘ಒಡೆಯುವ ವಸ್ತು, ಜೋಪಾನ’ ಎಂಬ ಚೀಟಿ ಅಂಟಿಸಿಕೊಂಡು ಹಡಗಿನಲ್ಲಿ ಬರುತ್ತಿದ್ದವು. ಒಂದನ್ನು ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ಹಡಗು.

ನಾವು ಮಾರುತ್ತಿದ್ದದ್ದು ಇಟಲಿಯ ಒಂದೇ ಮನೆತನದವರು ಮಾಡುವ ಟೈಲ್ಸ್. ಆ ಮನೆಯ ಅಜ್ಜ ಮೊದಲು ಮಾಡಿನ ಹಂಚು ಸುಡುತ್ತಿದ್ದನಂತೆ. ಆಮೇಲೆ ಮಾಡಿನಿಂದ ನೆಲಕ್ಕಿಳಿದು ಟೈಲ್ಸ್ ಶುರು ಮಾಡಿದ. ಊರಿನಲ್ಲಿ ನನ್ನ ಅಪ್ಪನೂ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸಿದವರು. ಹಾಗಾಗಿ ಇದು ದೇವರೇ ಮಾಡಿದ ಏರ್ಪಾಡು ಎಂದು ನಂಬಿ ಹದಿನಾರು ವರ್ಷ ಕಳೆದೆ. ಸುಸ್ತಾದಾಗಲೆಲ್ಲ ಆ ನಂಬಿಕೆಯನ್ನು ತೆಗೆದು ಒರೆಸಿ ಮತ್ತೆ ಒಳಗಿಡುತ್ತಿದ್ದೆ.

ಇಲ್ಲಿ ಬರೆಯುವ ಪ್ರಸಂಗಗಳೆಲ್ಲ ಕೊನೆಗೆ ಹೋಗಿ ಮುಟ್ಟುವುದು ನನ್ನ ಕಿರಿಮಗಳ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಇಗರ್ಜಿಯಲ್ಲಿ ಮಕ್ಕಳು ಮೊದಲ ಸಲ ಪ್ರಸಾದ ಪಡೆಯುವ ಹಬ್ಬಕ್ಕೆ. ಹಿರಿಮಗಳದ್ದು ತಪ್ಪಿಹೋಗಿತ್ತು. ಅವಳು ಬಿಳಿ ಫ್ರಾಕು ಹಾಕಿಕೊಂಡು ಪೀಠದ ಮುಂದೆ ನಿಂತ ದಿನ ನಾನು ಮಸ್ಕತ್ತಿನ ಮತ್ರಾ ಬಂದರಿನಲ್ಲಿ ಒಡೆದ ಪೆಟ್ಟಿಗೆಗಳ ಮುಂದೆ ನಿಂತಿದ್ದೆ. ಕಿರಿಯವಳದ್ದಕ್ಕೆ ಏನೇ ಆದರೂ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಮಾತು ಕೊಟ್ಟವನ ಪಾಸ್‌ಪೋರ್ಟು ಮಾತ್ರ ಅರ್ಬಾಬರ, ಅಂದರೆ ನಮ್ಮ ಒಮಾನಿ ಯಜಮಾನರ ಕಪಾಟಿನಲ್ಲಿತ್ತು.

೧. ಗೋಡೆಯ ಮೇಲಿನ ಅಜ್ಜ

ಎಂಬತ್ತರ ದಶಕದಲ್ಲಿ ನಮ್ಮ ಅಂಗಡಿ ಮತ್ರಾದ ಒಂದು ಓಣಿಯಲ್ಲಿತ್ತು. ಎರಡು ಪೆಟ್ಟಿಗೆ ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಅಗಲದ ಓಣಿ. ಇಟಲಿಯಿಂದ ಕಟ್ಟು ಹಾಕಿದ ಒಂದು ಫೋಟೋ ಬಂತು. ಬಿಳಿಗಡ್ಡದ ಅಜ್ಜ, ಎದೆಗೆ ಒಂದು ಟೈಲ್ಸ್ ಒತ್ತಿ ಹಿಡಿದುಕೊಂಡು ನಿಂತಿದ್ದಾನೆ. ಅವರ ಟೈಲ್ಸ್ ಮಾರುವ ಪ್ರತಿ ಅಂಗಡಿಯಲ್ಲೂ ಅದನ್ನು ತೂಗುಹಾಕಲೇಬೇಕಂತೆ. ಹಾಕಿದೆ.

ಬೆಳಿಗ್ಗೆ ಅಂಗಡಿ ತೆರೆದು ಶಿಲುಬೆಯ ಗುರುತು ಹಾಕಿಕೊಳ್ಳುವುದು ನನ್ನ ಅಭ್ಯಾಸ. ಮುಖ ಯಾವ ಕಡೆಗಿದೆ ಎಂದು ನಾನು ನೋಡಿದವನಲ್ಲ. ನೋಡಿದವರು ನಮ್ಮ ಮೇಸ್ತ್ರಿ. ಕಾಪು ಕಡೆಯವರು, ಊರಿನ ರೂಢಿಯಂತೆ ಕ್ರೈಸ್ತನಾದ ನನ್ನನ್ನು ‘ಪೊರ್ಬುಗಳು’ ಎನ್ನುವವರು, ಟೈಲ್ಸ್ ಕೂರಿಸುವುದರಲ್ಲಿ ಅವರ ಕೈಗೆ ಮಸ್ಕತ್ತಿನಲ್ಲಿ ಸಾಟಿ ಇರಲಿಲ್ಲ. ಎರಡು ವರ್ಷವಾದ ಮೇಲೆ ಒಂದು ದಿನ ನೋಡುತ್ತೇನೆ, ಫೋಟೋದ ಕೆಳಗೆ ಊದುಬತ್ತಿ ಉರಿಯುತ್ತಿದೆ.

“ಇದು ಎಂತ ಮೇಸ್ತ್ರಿ?”

“ಪೊರ್ಬುಗಳೇ, ಈ ನಿಮ್ಮ ಸಂತರು ಬಹಳ ಕಾರಣಿಕದವರು. ನಾನು ಕೇಳಿಕೊಂಡ ಮೂರು ಕೆಲಸ ಆಗಿ ಉಂಟು. ತಮ್ಮನ ವೀಸಾ ಸಮೇತ.”

“ಅಯ್ಯೋ, ಅವರು ಸಂತರಲ್ಲ ಮಾರಾಯ್ರೆ. ಟೈಲ್ಸ್ ಕಾರ್ಖಾನೆಯ ಯಜಮಾನ.”

ಮೇಸ್ತ್ರಿ ಸ್ವಲ್ಪ ಯೋಚಿಸಿದರು. “ಈಗ ಇದ್ದಾರಾ?”

“ಇಲ್ಲ, ತೀರಿಕೊಂಡು ತುಂಬಾ ವರ್ಷ ಆಯಿತು.”

“ಮತ್ತೆ? ಸತ್ತ ಯಜಮಾನ ಮೂರು ಕೆಲಸ ಮಾಡಿಕೊಟ್ಟಿದ್ದಾರೆ. ನಮ್ಮ ಯಜಮಾನರು ಜೀವಂತ ಇದ್ದು ಒಂದಾದರೂ ಮಾಡಿದ್ದಾರಾ?”

ಊದುಬತ್ತಿ ಮುಂದುವರಿಯಿತು.

೨. ನಡುಸೊಸೆಯ ಸೊಂಟ

ಆ ಇಟಲಿಯ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾಗಿ ಬಂದ ಪ್ರತಿ ಸೊಸೆಯ ಹೆಸರಿನಲ್ಲಿ ಒಂದು ಹೊಸ ಟೈಲ್ಸ್ ಬಿಡುವುದು. ಮೊದಲನೆಯದು ಅಜ್ಜಿಯದು, ಅಚ್ಚ ಬಿಳಿ. ಆಮೇಲೆ ಮೂವರು ಗಂಡುಮಕ್ಕಳ ಮೂವರು ಹೆಂಡಿರು. ಆ ಮನೆಯ ಚರಿತ್ರೆ ತಿಳಿಯಲು ನಮಗೆ ಬೇರೆ ಪುಸ್ತಕ ಬೇಕಿರಲಿಲ್ಲ, ಕ್ಯಾಟಲಾಗ್ ಸಾಕಿತ್ತು. ಹೊಸ ಬಣ್ಣ ಬಂದರೆ ಮದುವೆ ಆಗಿದೆ ಎಂದು ತಿಳಿದು ನಾನು ಒಂದು ನಮೋ ಮರಿಯಾ ಹೇಳಿ ಹರಸುತ್ತಿದ್ದೆ.

ಇಟಲಿ ಹೆಸರುಗಳು ಮೇಸ್ತ್ರಿಯ ನಾಲಗೆಗೆ ಹತ್ತಲಿಲ್ಲ. ಅವರಿಗೆ ಅವು ಅತ್ತೆ, ಹಿರಿಸೊಸೆ, ನಡುಸೊಸೆ, ಕಿರಿಸೊಸೆ. “ಅತ್ತೆ ಗಟ್ಟಿ, ಸುತ್ತಿಗೆ ಬಿದ್ದರೂ ಅಲ್ಲಾಡುವುದಿಲ್ಲ. ಹಿರಿಸೊಸೆ ಒದ್ದೆಯಾದರೆ ಜಾರ್ತಾಳೆ, ಬಚ್ಚಲಿಗೆ ಬೇಡ. ಕಿರಿಸೊಸೆ ಬಂಗಾರ.” ಗಿರಾಕಿಗಳೂ ಇದೇ ಭಾಷೆ ಕಲಿತರು.

ಒಂದು ವರ್ಷ ನಡುಮಗ ತನ್ನ ಹೆಂಡತಿಯನ್ನು ಕರೆದುಕೊಂಡು ನಮ್ಮ ಅಂಗಡಿ ನೋಡಲು ಬಂದ. ಮೇಸ್ತ್ರಿಗೆ ಅವಳನ್ನು ಪರಿಚಯ ಮಾಡಿಸಿದೆ. ಮೇಸ್ತ್ರಿ ಕೈ ಮುಗಿದರು, ಆಮೇಲೆ ಎಷ್ಟೋ ವರ್ಷಗಳ ದೂರನ್ನು ಒಮ್ಮೆಗೇ ಹೊರಗೆ ಹಾಕಿದರು. “ಅಮ್ಮಾ, ನಿಮಗೆ ನಡು ಉಬ್ಬಿ ಉಂಟು. ಗೋಡೆಗೆ ಎಷ್ಟು ಒತ್ತಿದರೂ ಸರಿ ಕೂರುವುದಿಲ್ಲ. ಅಂಚು ಬೇರೆ ಸೊಟ್ಟ. ನಿಮ್ಮಿಂದ ನನ್ನ ಕೈ ಬಿದ್ದುಹೋಗಿದೆ. ಪೊರ್ಬುಗಳೇ, ಹೇಳಿ ಅವರಿಗೆ.”

ಅವಳು ನಗುತ್ತ ನನ್ನ ಮುಖ ನೋಡಿದಳು. ದೇವರೇ, ಕ್ಷಮಿಸು ಎಂದುಕೊಂಡು ಇಂಗ್ಲಿಷಿನಲ್ಲಿ ಹೇಳಿದೆ: “ನಿಮ್ಮನ್ನು ನೋಡಿ ಇವರಿಗೆ ಬಹಳ ಸಂತೋಷವಾಗಿದೆ. ದಿನವೂ ನಿಮ್ಮನ್ನೇ ನೆನೆಸುತ್ತಾರಂತೆ.”

ಆ ಶುಕ್ರವಾರ ಪೂಜೆಗೆ ಮುಂಚೆ ಪಾಪನಿವೇದನೆಗೆ ಹೋದೆ. ಸುಳ್ಳು ಹೇಳಿದೆ ಎಂದೆ. ಸಂದರ್ಭ ಏನು ಎಂದು ಫಾದರ್ ಕೇಳಿದರು. ವಿವರವಾಗಿ ಹೇಳಿದೆ. ಪರದೆಯ ಆಚೆಯಿಂದ ಫಾದರ್ ಇನ್ನೊಂದು ಪ್ರಶ್ನೆ ಕೇಳಿದರು.

“ಗೋಡೆಗೆ ಸರಿ ಕೂರುವುದಿಲ್ಲ ಅಂದಿಯಲ್ಲ, ನಮ್ಮ ಇಗರ್ಜಿಯ ಸಭಾಂಗಣದ ಅಡುಗೆಮನೆ ಗೋಡೆಗೆ ನೀನು ಕೊಟ್ಟದ್ದು ಯಾವ ಸೊಸೆಯನ್ನು?”

೩. ಬ್ಯಾಗಿನಲ್ಲಿ ಬಂದವರು

ಊರಿನ ನಮ್ಮ ಅಡುಗೆಮನೆಯ ನೆಲಕ್ಕೆ ಇಟಲಿಯ ಟೈಲ್ಸ್ ತರುತ್ತೇನೆಂದು ಹೆಂಡತಿಗೆ ಮೊದಲ ವರ್ಷವೇ ಹೇಳಿದ್ದೆ. ವಿಮಾನದಲ್ಲಿ ಇಪ್ಪತ್ತು ಕಿಲೋ ಬಿಡುತ್ತಾರೆ. ಅದರಲ್ಲಿ ಹಾಲುಪುಡಿ, ಬೆಡ್‌ಶೀಟು, ಅಮ್ಮನ ಮಂಡಿಯ ಎಣ್ಣೆ ಹೋಗಿ ಉಳಿಯುವುದು ನಾಲ್ಕು ಟೈಲ್ಸಿನ ಜಾಗ. ಎರಡು ವರ್ಷಕ್ಕೊಮ್ಮೆ ನಾಲ್ಕು ನಾಲ್ಕು ಒಯ್ದರೆ ಅಡುಗೆಮನೆ ಯಾವಾಗ ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಲಿಲ್ಲ. ನಂಬಿಕೆ ಇದ್ದವನು ಲೆಕ್ಕ ಹಾಕುವುದಿಲ್ಲ.

ಮುಂಬಯಿಯ ಕಸ್ಟಮ್ಸ್ ಅಧಿಕಾರಿ ಚೀಲ ಬಿಚ್ಚಿ, ಟೈಲ್ಸನ್ನು ಬೆರಳಿನಿಂದ ಬಡಿದು, ಬೆಳಕಿಗೆ ಹಿಡಿದು, ಮೂಸಿ ನೋಡಿದರು. “ಎಲ್ಲರೂ ಗಲ್ಫಿನಿಂದ ಚಿನ್ನ ತರ್ತಾರೆ. ನೀನು ನೆಲ ತಂದಿದ್ದೀಯಾ?” ಎಂದು ಹಿಂದಿಯಲ್ಲಿ ಕೇಳಿ, ತೆರಿಗೆಯನ್ನೂ ಕೇಳದೆ, ಬಹಳ ಮರುಕದಿಂದ ಚೀಲದ ಜಿಪ್ಪು ಅವರೇ ಹಾಕಿಕೊಟ್ಟರು.

ಮುಂದಿನ ರಜೆಗೆ ಹೋದಾಗ ನೋಡಿದೆ. ಒಂದು ಕುಕ್ಕರಿನ ಕೆಳಗೆ, ಒಂದು ಉಪ್ಪಿನಕಾಯಿ ಭರಣಿಯ ಮೇಲೆ, ಒಂದು ಅಮ್ಮ ವೀಳ್ಯದೆಲೆ ಇಡಲು. ನಾಲ್ಕನೆಯದು ಎಲ್ಲಿ ಎಂದರೆ ಹೆಂಡತಿ ಹೇಳಿದಳು: “ನಾಯಿ ಅದರ ಮೇಲೆ ಮಲಗುತ್ತದೆ. ಇಟಲಿದು ಬಹಳ ತಂಪಂತೆ.”

೪. ಹೆಜ್ಜೆಯ ಅಳತೆ

ತೊಂಬತ್ತರ ದಶಕದ ಹೊತ್ತಿಗೆ ಅಂಗಡಿ ಹೊಸ ಬಡಾವಣೆ ಖುರುಮ್‌ಗೆ ಬಂತು. ಗಾಜಿನ ಬಾಗಿಲು, ಏಸಿ. ಅಜ್ಜನ ಫೋಟೋವೂ ಬಂತು, ಊದುಬತ್ತಿಯೂ ಬಂತು. ಆ ಬಾಗಿಲಿನಿಂದಲೇ ಒಂದು ದಿನ ಇಬ್ರಾದ ಹಾಜಿ ಒಳಗೆ ಬಂದರು.

ಹಾಜಿಯವರು ಒಳನಾಡಿನ ಇಬ್ರಾ ಊರಿನ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಅಂಗಡಿ ಇದ್ದ ಹಿರಿಯರು. ಮನೆಯ ಮುಂದೆ ಹೊಸ ಮಜ್ಲಿಸ್, ಅತಿಥಿಗಳು ಕೂರುವ ದೊಡ್ಡ ಕೋಣೆ, ಕಟ್ಟಿಸುತ್ತಿದ್ದರು. ಮಗನ ಮದುವೆಗೆ ಮುಂಚೆ ನೆಲ ಆಗಬೇಕು. ಎಲ್ಲ ನೋಡಿ ಕಿರಿಸೊಸೆಯನ್ನು ಮೆಚ್ಚಿದರು. ಸಮುದ್ರದ ನೀಲಿಗೆ ಸ್ವಲ್ಪ ಹಸಿರು ಬೆರೆತ ಬಣ್ಣ. ಮೇಸ್ತ್ರಿಯನ್ನು ಅಳತೆಗೆ ಕಳಿಸುತ್ತೇನೆ ಎಂದೆ. “ಬೇಡ ಸದೀಕ್. ಆ ಜಾಗ ನನ್ನ ಕಾಲಿಗೆ ಗೊತ್ತು” ಎಂದು, ನಮ್ಮ ಅಂಗಡಿಯಲ್ಲೇ ಆ ಮಜ್ಲಿಸನ್ನು ನಡೆದು ತೋರಿಸಿದರು. ಗಿರಾಕಿಯಾದ ದಿನವೇ ನಾನು ಅವರಿಗೆ ಸದೀಕ್, ಅಂದರೆ ಗೆಳೆಯ. ನಾನು ಅವರ ಹಿಂದೆ ಟೇಪು ಹಿಡಿದು ನಡೆದೆ. ಅಳತೆ ಸರಿಯಾಗಿಯೇ ಇತ್ತು.

ಆದರೆ ಪೆಟ್ಟಿಗೆಗಳು ಇಬ್ರಾ ತಲುಪಿದ ವಾರ ಪಕ್ಕದ ಮನೆಯವರ ಮಜ್ಲಿಸ್ ತನ್ನದಕ್ಕಿಂತ ಉದ್ದ ಎಂದು ಹಾಜಿಯವರಿಗೆ ಗೊತ್ತಾಯಿತು. ಗೋಡೆ ಕೆಡವಿ ಹಿಂದಕ್ಕೆ ಸರಿಸಿದರು. ನನಗೆ ಹೇಳಲಿಲ್ಲ. ಮೇಸ್ತ್ರಿ ಬಾಗಿಲಿನಿಂದ ಟೈಲ್ಸ್ ಕೂರಿಸುತ್ತ ಹೋದರು. ಕೊನೆಗೆ ಮೂವತ್ತೆರಡು ಟೈಲ್ಸ್ ಸಾಲದೆ ಹೋಯಿತು. ಸಾಲದೆ ಹೋದ ಜಾಗ ಯಾವುದೆಂದರೆ, ಕೋಣೆಯ ತುದಿಯಲ್ಲಿ ಅತಿ ದೊಡ್ಡ ಅತಿಥಿಯನ್ನು ಕೂರಿಸುವ ಜಾಗ.

ನಾನು ಇಬ್ರಾಕ್ಕೆ ಓಡಿದೆ. ಸದ್ಯಕ್ಕೆ ಅಲ್ಲೊಂದು ಕಾರ್ಪೆಟ್ ಹಾಸಬಹುದಲ್ಲವೇ ಎಂದು ಮೆಲ್ಲಗೆ ಕೇಳಿದೆ.

ಹಾಜಿಯವರು ನನಗೆ ಖರ್ಜೂರ ಕೊಟ್ಟು, ಕಾಫಿ ಕೊಟ್ಟು, ಎಲ್ಲ ಆದ ಮೇಲೆ ಹೇಳಿದರು: “ಮುಚ್ಚುವುದೇ ಆಗಿದ್ದರೆ ಮರಳು ಸಾಕಿತ್ತು ಸದೀಕ್. ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?”

೫. ಇಟಲಿಯಿಂದ ಬಂದ ಫ್ಯಾಕ್ಸ್

ಅರ್ಬಾಬರು ಒಂದೇ ಮಾತಿನಲ್ಲಿ ಮುಗಿಸಿದರು. “ಇಬ್ರಾ ಖಲಾಸ್, ಆಮೇಲೆ ನಿನ್ನ ರಜೆ. ಹಾಜಿ ಸಹಿ ಹಾಕಿದ ಕಾಗದ ತಾ, ಪಾಸ್‌ಪೋರ್ಟು ಒಯ್ಯಿ.” ಪರಮಪ್ರಸಾದಕ್ಕೆ ಮೂರು ತಿಂಗಳು ಉಳಿದಿತ್ತು. ಫ್ರಾಕಿನ ಬಟ್ಟೆ ಬಂದಿದೆ ಎಂದು ಹೆಂಡತಿ ಪತ್ರ ಬರೆದಿದ್ದಳು.

ಮೂವತ್ತೆರಡು ಕಿರಿಸೊಸೆ ಕಳಿಸಿ ಎಂದು ಇಟಲಿಗೆ ಫ್ಯಾಕ್ಸ್ ಕೊಟ್ಟೆ. ಉತ್ತರ ಒಂದೇ ಸಾಲು: ಆ ಟೈಲ್ಸ್ ನಿಂತುಹೋಗಿದೆ, ಇನ್ನು ಮಾಡುವುದಿಲ್ಲ.

ನಡುಮಗನಿಗೆ ಫೋನು ಮಾಡಿದೆ. ಅವನು ದನಿ ತಗ್ಗಿಸಿ ವಿಷಯ ಹೇಳಿದ. ಕಿರಿಸೊಸೆ ಅತ್ತೆಯ ಜೊತೆ ಜಗಳವಾಡಿ ತವರುಮನೆಗೆ ಹೋಗಿದ್ದಾಳೆ. ಅಜ್ಜಿ ಆ ದಿನವೇ ಕಾರ್ಖಾನೆಗೆ ಬಂದು, ಆ ನೀಲಿ ಬಣ್ಣದ ಡಬ್ಬಗಳನ್ನು ಚರಂಡಿಗೆ ಸುರಿಸಿದ್ದಾಳೆ. ಮನೆಯಲ್ಲಿ ಇಲ್ಲದವಳ ಟೈಲ್ಸ್ ಮಾರುಕಟ್ಟೆಯಲ್ಲೂ ಇರಬಾರದಂತೆ.

ಅರ್ಬಾಬರಿಗೆ ಇದು ಅರ್ಥವಾಗಲಿಲ್ಲ. “ಇಟಲಿಯಲ್ಲಿ ಒಬ್ಬ ಹೆಂಗಸು ಮುನಿಸಿಕೊಂಡರೆ ಇಬ್ರಾದಲ್ಲಿ ನೆಲ ನಿಲ್ಲುವುದೆಂದರೇನು? ಜಗಳ ಯಾತಕ್ಕೆ?”

ಅದನ್ನೂ ಕೇಳಿದ್ದೆ. ಕಿರಿಸೊಸೆ ತನ್ನ ಹೊಸ ಅಡುಗೆಮನೆಗೆ, ಯಾರಿಗೂ ಹೇಳದೆ, ಬೇರೆ ಕಂಪನಿಯ ಟೈಲ್ಸ್ ಹಾಕಿಸಿದ್ದಳು.

ಅರ್ಬಾಬರು ಕುರ್ಚಿಯಿಂದ ಎದ್ದುನಿಂತರು. “ಅಸ್ತಗ್‌ಫಿರುಲ್ಲಾ! ಹಾಗಾದರೆ ಅಜ್ಜಿ ಮಾಡಿದ್ದೇ ಸರಿ.”

೬. ಒಂಬತ್ತು ದಿನದ ಪ್ರಾರ್ಥನೆ

ಮನುಷ್ಯನ ಕೈ ಮುಗಿದಲ್ಲಿ ದೇವರ ಕೈ ಎಂದು ನಾನು ನೊವೆನಾ ಶುರು ಮಾಡಿದೆ. ಒಂಬತ್ತು ದಿನ, ದಿನಕ್ಕೊಂದು ಪೂರ್ತಿ ಜಪಸರ, ಎಂದೂ ಕಾಣದ ಒಬ್ಬ ಅತ್ತೆ ಮತ್ತು ಒಬ್ಬ ಸೊಸೆಯ ಸಮಾಧಾನಕ್ಕಾಗಿ. ಮೇಸ್ತ್ರಿ ತಮ್ಮ ಕಡೆಯಿಂದ ಅಜ್ಜನ ಫೋಟೋಗೆ ಎರಡು ಊದುಬತ್ತಿ ಹೆಚ್ಚು ಮಾಡಿದರು. “ಅವರ ಹೆಂಡತಿ, ಅವರ ಸೊಸೆ. ಅವರಿಗೆ ಹೇಳದೆ ಬೇರೆ ಯಾರಿಗೆ ಹೇಳುವುದು?”

ಹೆಂಡತಿ ಪಕ್ಕದ ಮನೆಯ ಫೋನಿಗೆ ಬಂದಾಗ ಎಲ್ಲವನ್ನೂ ಹೇಳಿದೆ. ನಮ್ಮ ಮಗಳ ಹಬ್ಬಕ್ಕೆ ನಾನು ಬರಬೇಕಾದರೆ ಆ ಮನೆ ಒಂದಾಗಬೇಕು, ನೀನೂ ಪ್ರಾರ್ಥಿಸು ಎಂದೆ.

“ಒಂಬತ್ತು ಜಪಸರವಾ?”

“ಹೌದು.”

“ನಿಮ್ಮ ಅಮ್ಮನಿಗೂ ನನಗೂ ಜಗಳ ಆದಾಗ ಒಂದು ನಮೋ ಮರಿಯಾ ಆದರೂ ಹೇಳಿದ್ದುಂಟಾ?”

ಲೈನು ಕಟ್ಟಾಯಿತು. ಅದೂ ದೇವರ ದಯೆಯೇ ಎಂದುಕೊಂಡೆ.

೭. ಹಾಜಿಯವರ ಪಂಚಾಯಿತಿ

ಹಾಜಿಯವರು ಪ್ರತಿ ವಾರ ಎರಡು ಗಂಟೆ ಕಾರಿನಲ್ಲಿ ಕೂತು ಖುರುಮ್‌ಗೆ ಬರುತ್ತಿದ್ದರು. ಮೊದಮೊದಲು “ನನ್ನ ಟೈಲ್ಸ್ ಬಂತಾ?” ಎಂದು ಕೇಳುತ್ತಿದ್ದವರು, ಕಥೆ ಕೇಳಿದ ಮೇಲೆ “ಆ ಹುಡುಗಿ ಮನೆಗೆ ಬಂದಳಾ?” ಎಂದು ಕೇಳತೊಡಗಿದರು. ಇಬ್ರಾದ ಸೂಕಿನಲ್ಲೂ ಈ ಸುದ್ದಿ ಹಬ್ಬಿ, ಅರ್ಧ ಊರು ಅತ್ತೆಯ ಪರ, ಅರ್ಧ ಊರು ಸೊಸೆಯ ಪರ ಆಗಿತ್ತಂತೆ. ಹಬ್ಬಕ್ಕೆ ಐದು ವಾರ ಇದ್ದಾಗ ಅವರು ಒಂದು ಡಬ್ಬ ಹಲ್ವಾ, ಒಂದು ಕಟ್ಟು ಲೋಬಾನ ತಂದು ಮೇಜಿನ ಮೇಲಿಟ್ಟರು.

“ನಮ್ಮ ಕುಟುಂಬದಲ್ಲಿ ನಾನು ತೀರಿಸದ ಜಗಳ ಇಲ್ಲ. ಆ ಅಜ್ಜಿಗೆ ಕಾಗದ ಬರಿ ಸದೀಕ್. ತಾಯಿ, ನಾನು ನಿಮ್ಮ ಸೊಸೆಯ ಮೇಲೆ ಕೂರಬೇಕೆಂದಿದ್ದವನು…”

“ಹಾಜಿ, ಅದನ್ನು ಹಾಗೆ ಬರೆಯಲಾಗುವುದಿಲ್ಲ.”

“ಸರಿ, ನೀನು ಚೆಂದ ಮಾಡಿ ಬರಿ. ನಿಜವಾದ ಮಾತು ಮುಂದೆ ಇದೆ. ಸೊಸೆ ಬಾಗಿಲಿಗೆ ಬಂದಾಗ ತಪ್ಪು ಯಾರದ್ದೆಂದು ಕೇಳಬೇಡಿ. ಊಟ ಆಯಿತಾ ಎಂದು ಕೇಳಿ. ಅಷ್ಟೇ. ಉಳಿದದ್ದನ್ನು ಅಲ್ಲಾಹು ನೋಡಿಕೊಳ್ಳುತ್ತಾನೆ.”

ಬರೆದೆ. ಕೊನೆಗೆ ನನ್ನದೂ ಎರಡು ಸಾಲು ಸೇರಿಸಿದೆ: ಅಮ್ಮಾ, ನಾನೂ ನಿಮ್ಮಂತೆ ಜಪಸರ ಹಿಡಿಯುವವನು. ನನ್ನ ಮಗಳ ಪ್ರಥಮ ಪರಮಪ್ರಸಾದ ನಿಮ್ಮ ಸೊಸೆಯ ಕೈಯಲ್ಲಿದೆ.

ಪಾರ್ಸೆಲ್ ಕಟ್ಟುವಾಗ ಮೇಸ್ತ್ರಿ ಹಲ್ವಾ ಡಬ್ಬದ ಮೇಲೆ ತಾವೇ ಒಂದು ಚೀಟಿ ಅಂಟಿಸಿದರು. ಒಡೆಯುವ ವಸ್ತು, ಜೋಪಾನ.

೮. ಸಿಮೆಂಟು ಮೆತ್ತಿದ ಮೂವತ್ತೆರಡು

ನಾಲ್ಕು ವಾರ ಏನೂ ಇಲ್ಲ. ಐದನೆಯ ವಾರ, ಭಾನುವಾರದ ಹಬ್ಬಕ್ಕೆ ಆರು ದಿನ ಇದ್ದಾಗ, ವಿಮಾನದಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಮೇಸ್ತ್ರಿ ಮೊಳೆ ಕಿತ್ತರು. ಒಳಗೆ ಹಸುಗೂಸುಗಳ ಹಾಗೆ ಬಟ್ಟೆಯಲ್ಲಿ ಸುತ್ತಿದ ಕಿರಿಸೊಸೆಯರು. ಹೊಸತಲ್ಲ. ಬೆನ್ನಿನ ತುಂಬ ಒಣಗಿದ ಸಿಮೆಂಟು.

ಅಜ್ಜಿಯ ಪತ್ರವನ್ನು ನಡುಮಗ ಇಂಗ್ಲಿಷಿಗೆ ಮಾಡಿದ್ದ. ಬಣ್ಣ ಚರಂಡಿಗೆ ಹೋದದ್ದರಿಂದ ಹೊಸತು ಮಾಡಲಾಗದು. ಕಿರಿಸೊಸೆ ಮನೆಗೆ ಬಂದ ವರ್ಷ ಅಜ್ಜಿ ತನ್ನ ಮಲಗುವ ಕೋಣೆಗೆ ಅವಳ ಟೈಲ್ಸನ್ನೇ ಹಾಕಿಸಿದ್ದಳಂತೆ. ಜಗಳದ ಸಿಟ್ಟಿನಲ್ಲೂ ಅದನ್ನು ಕೀಳಿಸಿರಲಿಲ್ಲ. ಈಗ ಹಾಜಿಗಾಗಿ ಕೀಳಿಸಿದ್ದಾಳೆ. ‘ಸೊಸೆಯ ಬಾಗಿಲಿಗೆ ನಾನೇ ಹೋದೆ. ನೀವು ಹೇಳಿದಂತೆ ತಪ್ಪಿನ ಮಾತೆತ್ತದೆ, ಊಟ ಆಯಿತಾ ಎಂದೆ. ಅವಳು ಅಳುತ್ತ, ತವರಿನ ಅಡುಗೆ ತಿಂದು ತಿಂದು ಸಾಕಾಗಿದೆ ಎಂದಳು. ಕರೆದುಕೊಂಡು ಬಂದೆ. ಹಲ್ವಾ ಇಬ್ಬರೂ ತಿಂದೆವು. ಮಗುವಿಗೆ ನನ್ನ ಆಶೀರ್ವಾದ.’

ನನ್ನ ಕಣ್ಣು ಮಂಜಾಯಿತು. ಮೇಸ್ತ್ರಿ ಎಣಿಸುತ್ತಿದ್ದರು. “ಪೊರ್ಬುಗಳೇ, ಅಳುವುದು ಆಮೇಲೆ. ಒಂದು ಒಡೆದಿದೆ.”

ಮೂವತ್ತೊಂದು. ಇಬ್ರಾಕ್ಕೆ ಹೋಗುವ ದಾರಿಯುದ್ದಕ್ಕೂ ಜಪಸರ ಹೇಳಿದೆ. ಮೇಸ್ತ್ರಿ ಸಿಮೆಂಟು ಕೆರೆದು ಒಂದೊಂದಾಗಿ ಕೂರಿಸಿದರು. ಉಳಿದ ಒಂದು ಚೌಕದಲ್ಲಿ, ನನ್ನನ್ನೂ ಕೇಳದೆ, ಅಂಗಡಿಯಿಂದ ತಂದಿದ್ದ ಬಿಳಿ ಅತ್ತೆಯನ್ನು ಒತ್ತಿಬಿಟ್ಟರು. ಸರಿಯಾಗಿ ಮಧ್ಯದಲ್ಲಿ. ಹಾಜಿಯವರು ಬಂದು ನಿಂತು, ಕೈಕೋಲಿನಿಂದ ಬಿಳಿಯದನ್ನು ಮುಟ್ಟಿ, “ಇದು ಯಾರು?” ಎಂದರು.

“ಅತ್ತೆ” ಎಂದೆ.

ಹಾಜಿಯವರು ಕಾಗದ ಇಸಿದುಕೊಂಡು ಸಹಿ ಹಾಕಿದರು. “ಈಗ ಮನೆ ಪೂರ್ತಿ ಆಯಿತು. ಆದರೆ ಒಂದು ಸದೀಕ್. ಅತ್ತೆ ಇರುವ ಜಾಗದಲ್ಲಿ ಕೂರಲು ಯಾವ ಅತಿಥಿಗೆ ಧೈರ್ಯ ಬರುತ್ತದೆ?”

೯. ಊಟ ಆಯಿತಾ

ಪಾಸ್‌ಪೋರ್ಟು ಸಿಕ್ಕಿತು. ಮುಂಬಯಿಗೆ ವಿಮಾನ, ಅಲ್ಲಿಂದ ಬಸ್ಸು. ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಅಂತೂ ಭಾನುವಾರ ಬೆಳಿಗ್ಗೆ ಏಳಕ್ಕೆ ಮನೆಯಂಗಳದಲ್ಲಿ ಇಳಿದೆ. ಎಂಟೂವರೆಗೆ ಇಗರ್ಜಿಯಲ್ಲಿ ಬಲಿಪೂಜೆ. ಕಿರಿಮಗಳು ಬಿಳಿ ಫ್ರಾಕಿನಲ್ಲಿ ಓಡಿಬಂದು, ಫ್ರಾಕಿಗೆ ಧೂಳಾಗುತ್ತದೆಂದು ಒಂದು ಮೊಳ ದೂರದಲ್ಲೇ ನಿಂತು, “ಪಪ್ಪಾ, ಬಂದ್ರಾ!” ಎಂದಳು. ದೇವರೇ, ಇಷ್ಟು ಸಾಕು ಎಂದುಕೊಂಡೆ. ಹದಿನಾರು ವರ್ಷದ ಸುಸ್ತೆಲ್ಲ ಅಂಗಳದಲ್ಲೇ ಇಳಿದುಹೋಯಿತು.

ಈ ಸಲ ಬ್ಯಾಗಿನಲ್ಲಿ ನಾಲ್ಕಲ್ಲ, ಆರು ಟೈಲ್ಸ್ ತಂದಿದ್ದೆ. ಹೆಂಡತಿಗೆ ತೋರಿಸೋಣವೆಂದು ನೇರ ಅಡುಗೆಮನೆಗೆ ಹೋದವನು ಹೊಸ್ತಿಲಲ್ಲೇ ನಿಂತೆ.

ಅಡುಗೆಮನೆಯ ನೆಲಕ್ಕೆ ಗೋಡೆಯಿಂದ ಗೋಡೆಗೆ ಹೊಸ ಟೈಲ್ಸ್. ಪಳಪಳ ಹೊಳೆಯುವ ಕೆಂಪು. ಬಗ್ಗಿ ನೋಡುವುದು ಬೇಕಿರಲಿಲ್ಲ. ನನ್ನ ಕಣ್ಣಿಗೆ ಬಾಗಿಲಿನಿಂದಲೇ ಗೊತ್ತಾಯಿತು. ಬೇರೆ ಕಂಪನಿಯದು.

ಒಲೆಯ ಮುಂದೆ ಹೆಂಡತಿ. ಅವಳ ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗಿಸಿಕೊಂಡು ಅಮ್ಮ. ಆ ಇಬ್ಬರು ಒಂದೇ ಕಡೆ ನಿಂತದ್ದನ್ನು ನಾನು ಮದುವೆಯ ಫೋಟೋದ ನಂತರ ಕಂಡೇ ಇರಲಿಲ್ಲ.

“ಬಣ್ಣ ಆರಿಸಿದ್ದು ನಾನು” ಎಂದರು ಅಮ್ಮ. “ಅವಳನ್ನು ಏನಾದರೂ ಅಂದಿಯೋ, ನೋಡು.”

ಬಾಯಿ ತೆರೆದೆ. ಹದಿನಾರು ವರ್ಷ ಒಂದೇ ಮನೆತನದ ಟೈಲ್ಸ್ ಮಾರಿದವನ ಬಾಯಿ. ಒಳಗಿನಿಂದ ಏನೇನೋ ಎದ್ದು ಬರುತ್ತಿತ್ತು. ಅಷ್ಟರಲ್ಲಿ ಇಬ್ರಾದ ಹಾಜಿ, ಇಟಲಿಯ ಅಜ್ಜಿ, ಚರಂಡಿಗೆ ಹೋದ ನೀಲಿ ಬಣ್ಣ, ಎಲ್ಲ ಕಣ್ಣ ಮುಂದೆ ಬಂದವು. ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡು, ಹೆಂಡತಿಯ ಮುಖ ನೋಡಿ, ನನ್ನಿಂದಾದಷ್ಟು ಮೃದುವಾಗಿ ಕೇಳಿದೆ:

“ಊಟ ಆಯಿತಾ?”

ಹೆಂಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಣೆ ಮುಟ್ಟಿ ಜ್ವರ ಉಂಟಾ ಎಂದು ಪರೀಕ್ಷಿಸಿದಳು.

“ಬೆಳಿಗ್ಗೆ ಏಳು ಗಂಟೆಗೆ ಊಟವಾ? ಅದೂ ಪೂಜೆಗೆ ಹೋಗುವ ದಿನ? ಬೇಗ ಸ್ನಾನ ಮಾಡಿ ಬನ್ನಿ, ಹೊತ್ತಾಯಿತು. ಮತ್ತೆ… ಬಚ್ಚಲು ನೋಡಿ ಬೊಬ್ಬೆ ಹೊಡೆಯಬೇಡಿ. ಅಲ್ಲಿಗೂ ಅದನ್ನೇ ಹಾಕಿಸಿದ್ದೇನೆ.”